ಇಬ್ಬರಿಗೂ ಆಗಿಬರುವ ಪ್ಯಾನೆಲ್

ಹಳೆಯ ಪ್ಯಾನೆಲ್‌ನ ಕಂಪನಿಯವರು ತಿಂಗಳ ಕೊನೆಗೆ ಕೈ ತೊಳೆದುಕೊಳ್ಳುತ್ತೇವೆ ಎಂದು ಮೇಲ್ ಕಳಿಸಿದ ದಿನದಿಂದ ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ಆಗಿದ್ದೆ. ಆಫೀಸಿನಲ್ಲಿ ಕೂತರೆ ಮನೆಯಲ್ಲಿ ಏನೋ ಮರೆತುಬಂದ ಹಾಗೆ, ಮನೆಗೆ ಹೋದರೆ ಆಫೀಸಿನಲ್ಲಿ ಏನೋ ಹೊತ್ತಿಕೊಂಡು ಉರಿಯುತ್ತಿರುವ ಹಾಗೆ. ಮೇಲ್‌ನ ತುದಿಯಲ್ಲಿ ‘ಇಷ್ಟು ವರ್ಷ ನಮ್ಮ ಜೊತೆಗಿದ್ದದ್ದಕ್ಕೆ ಕೃತಜ್ಞತೆಗಳು’ ಅಂತ ಬೇರೆ ಬರೆದಿದ್ದರು. ಮನೆ ಖಾಲಿ ಮಾಡಿಸುವವರೂ ಇಷ್ಟು ನಗುಮುಖದಿಂದ ಮಾಡಿಸುವುದಿಲ್ಲ.

ನಮ್ಮ ಕಸುಬು ಏನೆಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಹೆತ್ತ ತಾಯಿಗೇ ಅದರ ತಲೆಬುಡ ಇನ್ನೂ ಅರ್ಥವಾಗಿಲ್ಲ. ನಮ್ಮ ಊರಿನ ದಂತವೈದ್ಯೆಗೆ, ಈಜು ಕಲಿಸುವಾಕೆಗೆ, ನಾಯಿಗಳಿಗೆ ಕ್ಷೌರ ಮಾಡುವ ಅಂಗಡಿಯವನಿಗೆ, ಮೆಟ್ಟಿಲು ಬಿಟ್ಟು ಬೇರೇನನ್ನೂ ಮಾಡದ ಒಬ್ಬ ಬಡಗಿಗೆ, ಇಂಥ ಹಲವರಿಗೆ ಒಂದೊಂದು ವೆಬ್‌ಸೈಟ್ ಇದೆ. ಅವೆಲ್ಲ ಇರುವುದು ನಾವು ಬಾಡಿಗೆಗೆ ಹಿಡಿದ ಸರ್ವರ್‌ಗಳಲ್ಲಿ. ಸರ್ವರ್‌ಗಳು ಎಲ್ಲೋ ದೂರದ ತಣ್ಣನೆಯ ಕಟ್ಟಡದೊಳಗಿವೆ. ಅವುಗಳ ಮುಖವನ್ನು ನಾವು ಕಂಡಿಲ್ಲ. ಕಾಣುವುದು ಪ್ಯಾನೆಲ್ ಮಾತ್ರ. ಅದೊಂದು ಪುಟ, ಅದರ ತುಂಬ ಬಟನ್‌ಗಳು. ಹೊಸ ಗಿರಾಕಿ ಬಂದರೆ ಒಂದು ಬಟನ್, ಹಳೆಯ ಗಿರಾಕಿ ಪಾಸ್‌ವರ್ಡ್ ಮರೆತರೆ ಇನ್ನೊಂದು, ಸೈಟನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕಾದರೆ ಮತ್ತೊಂದು. ಅದಿಲ್ಲದೆ ನನಗೆ ಕೈ ಕಟ್ಟಿದ ಹಾಗೆ.

ನಾವು ಅಂದರೆ ನಾನು ಮತ್ತು ನನ್ನ ನಾದಿನಿ. ಅವಳು ಹುಟ್ಟಿದಾಗಿನಿಂದ ತೆಳ್ಳಗಿದ್ದಾಳೆ, ಮನೆಯಲ್ಲಿ ಎಲ್ಲರಿಗೂ ಅವಳು ಕಡ್ಡಿ. ಈ ಅಂಗಡಿ ಕಟ್ಟಿದ್ದು ಅವಳೇ. ನಾನು ಬಂದು ಸೇರಿಕೊಂಡೆ. ಗಿರಾಕಿಗಳ ಗೋಳು ಕೇಳುವುದು ನನ್ನ ಪಾಲು, ಸರ್ವರ್‌ಗಳ ಗೋಳು ಅವಳ ಪಾಲು. ಅವಳಿಗೆ ಬಟನ್ ಬೇಕಿಲ್ಲ, ಆಜ್ಞೆಗಳನ್ನು ಟೈಪ್ ಮಾಡಿಯೇ ಎಲ್ಲ ಮಾಡಬಲ್ಲಳು. ಆದರೆ ಪ್ಯಾನೆಲ್ ಕೂರಿಸಿದ ಸರ್ವರಿನಲ್ಲಿ ಯಾರೂ ಹಾಗೆ ಕೈಯಿಂದ ತಿದ್ದುವಂತಿಲ್ಲ. ತಿದ್ದಿದರೆ, ಮುಂದಿನ ಸಲ ಯಾರಾದರೂ ಬಟನ್ ಒತ್ತಿದಾಗ ಪ್ಯಾನೆಲ್ ತನಗೆ ಗೊತ್ತಿದ್ದ ಹಾಗೆ ಎಲ್ಲವನ್ನೂ ಮತ್ತೆ ಬರೆದುಬಿಡುತ್ತದೆ. ನಾವು ಜೋಡಿಸಿಟ್ಟ ಅಡುಗೆಮನೆಯ ಡಬ್ಬಗಳನ್ನು ಅತ್ತೆ ಬಂದು ಮೊದಲಿದ್ದ ಕಡೆಗೇ ಎತ್ತಿಟ್ಟು ಹೋಗುವ ಹಾಗೆ. ಒಮ್ಮೆ ಅವಳು ಬೆಳಗ್ಗೆಯೆಲ್ಲ ಕೂತು ಸರಿಪಡಿಸಿದ್ದನ್ನು ನಾನು ಊಟವಾದ ಮೇಲೆ ಒಂದೇ ಬಟನ್ ಒತ್ತಿ ಮಣ್ಣುಪಾಲು ಮಾಡಿದ್ದೆ. ಅಂದಿನಿಂದ, ಏನೇ ಮಾಡಿದರೂ ಇಬ್ಬರೂ ಪ್ಯಾನೆಲ್‌ನ ಒಳಗಿಂದಲೇ ಮಾಡಬೇಕು ಎಂದು ಒಪ್ಪಂದವಾಗಿತ್ತು.

ಇದು ಈ ಕಸುಬಿನ ಎಲ್ಲರಿಗೂ ಇರುವ ತಲೆನೋವು. ನಮ್ಮದು ಬೇರೆಯೇ ಇತ್ತು. ಕಡ್ಡಿಯ ಕಣ್ಣು ಹೋಗುತ್ತಿತ್ತು.

ಒಮ್ಮೆಲೇ ಅಲ್ಲ, ಅಂಚಿನಿಂದ ಒಳಕ್ಕೆ. ಕಣ್ಣಿನ ಡಾಕ್ಟರು ಇನ್ನೂ ಕೆಲವು ವರ್ಷ ಕೆಲಸಕ್ಕೆ ತೊಂದರೆಯಿಲ್ಲ ಎಂದಿದ್ದರು, ಆದರೆ ಈಗಿನಿಂದಲೇ ಕಿವಿಯಿಂದ ಕೆಲಸ ಮಾಡುವುದನ್ನು ರೂಢಿಸಿಕೊಳ್ಳಿ ಎಂದೂ ಹೇಳಿ ಕಳಿಸಿದ್ದರು. ಹಾಗಾಗಿ ಅವಳ ಕಂಪ್ಯೂಟರಿನಲ್ಲಿ ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ಒಂದು ಹೆಣ್ಣುದನಿ ಇದೆ. ಅದಕ್ಕೆ ನಾವಿಟ್ಟ ಹೆಸರು ಗಿಣಿ. ಗಿಣಿ ಎಷ್ಟು ವೇಗವಾಗಿ ಓದುತ್ತದೆಂದರೆ ನನಗೆ ಅದು ಸಿಟ್ಟಿಗೆದ್ದ ನೊಣದ ಗುಂಯ್‌ಗುಡಿತ. ಕಡ್ಡಿಗೆ ಮಾತ್ರ ಅಕ್ಷರ ಅಕ್ಷರವೂ ತಿಳಿಯುತ್ತದೆ.

ನಮ್ಮವರಿಗೆ, ಅಂದರೆ ಕಡ್ಡಿಯ ಅಣ್ಣನಿಗೆ, ಇದೆಲ್ಲ ಕಂಡರೆ ಎದೆಬಡಿತ. ಅವರು ಡ್ರೈವಿಂಗ್ ಕಲಿಸುವವರು. ಕಲಿಯುವವರ ಪಕ್ಕದಲ್ಲಿ ಕೂತು, ತಮ್ಮ ಕಾಲಡಿಗೆ ಹಾಕಿಸಿಕೊಂಡ ಎರಡನೆಯ ಬ್ರೇಕಿನ ಮೇಲೆ ಸದಾ ಪಾದ ಇಟ್ಟುಕೊಂಡಿರುವುದು ಅವರ ವೃತ್ತಿ. ಮನೆಗೆ ಬಂದರೂ ಆ ಪಾದ ಕೆಳಗಿಳಿಯುವುದಿಲ್ಲ. ಡಾಕ್ಟರ ಹತ್ತಿರ ಹೋಗಿಬಂದ ದಿನವೇ ಊಟಕ್ಕೆ ಕೂತಾಗ ಅವರು ತಂಗಿಗೆ ತೀರ್ಪು ಕೊಟ್ಟಿದ್ದರು.

“ಸ್ಕ್ರೀನ್ ಕಾಣೋವರೆಗೂ ಮಾಡು, ನಾನು ಬೇಡ ಅನ್ನಲ್ಲ. ಕಾಣದೆ ಹೋದ ದಿನ ನಿಲ್ಲಿಸಿಬಿಡು. ಬೇರೆಯವರ ಹೊಟ್ಟೆಪಾಡು ಅದು, ಒಂದು ಒತ್ತೋಕೆ ಹೋಗಿ ಇನ್ನೊಂದು ಒತ್ತಿದ್ರೆ ಯಾರು ಜವಾಬ್ದಾರಿ? ಮನೇಲಿ ಆರಾಮಾಗಿರು. ನಾವಿಲ್ವಾ?”

ಕಡ್ಡಿ ತಟ್ಟೆಯಲ್ಲಿದ್ದುದನ್ನು ಮುಗಿಸಿ ಎದ್ದಳು. ಕಂಪನಿಯ ಮೇಲ್ ಬಂದ ದಿನದಿಂದ ನನಗೆ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿತು: ಹೊಸ ಪ್ಯಾನೆಲ್ ಇವಳ ಕಿವಿಗೂ ನನ್ನ ಕಣ್ಣಿಗೂ ಒಟ್ಟಿಗೆ ಆಗಿಬರಬೇಕು. ಆಗಿಬರದಿದ್ದರೆ ಇವಳು ಮನೆಯಲ್ಲಿ ಆರಾಮಾಗಿ ಕೂತು ಸಾಯುತ್ತಾಳೆ. ಇದು ನನ್ನ ದೊಡ್ಡ ಮನಸ್ಸೆಂದು ಯಾರೂ ತಿಳಿಯಬೇಕಿಲ್ಲ. ಎದುರು ಮೇಜಿನಲ್ಲಿ ಕೂತು ಅವಳು ಗೊಣಗದೆ ಇದ್ದರೆ ನನಗೆ ಕೆಲಸವೇ ಹತ್ತುವುದಿಲ್ಲ, ಅಷ್ಟೆ.

ನಮ್ಮ ಆಫೀಸು ಬೀಗ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಹಿಂದಿನ ಕೋಣೆಯಲ್ಲಿ ಟೀ ಕಾಯಿಸುವ ಒಲೆ ಮತ್ತು ಹಳೆಯ ವೈರುಗಳ ರಾಶಿ, ಮುಂದಿನದರಲ್ಲಿ ಎದುರುಬದುರಾಗಿ ಎರಡು ಮೇಜು. ಅವಳ ಪರದೆಯ ಬೆನ್ನು ನನಗೆ ಕಾಣುತ್ತದೆ, ನನ್ನ ಪರದೆಯ ಬೆನ್ನು ಅವಳಿಗೆ. ಕೆಳಗೆ ಬೀಗದವನು ಕೀಲಿ ಅರೆಯುವ ಯಂತ್ರ ಹಾಕಿದಾಗ ಕಟ್ಟಡವೆಲ್ಲ ಹಲ್ಲು ಕಡಿಯುತ್ತದೆ. ಆಗ ಗಿಣಿಯ ಮಾತು ಕೇಳಿಸುವುದಿಲ್ಲವಾದ್ದರಿಂದ ಕಡ್ಡಿ ಕೈ ಎತ್ತಿ ಕೂರುತ್ತಾಳೆ. ಯಂತ್ರ ನಿಂತ ಮೇಲೆ ಮತ್ತೆ ಶುರು.

ಪ್ಯಾನೆಲ್‌ಗಳನ್ನು ಪರೀಕ್ಷಿಸಲು ನಾನೊಂದು ಕ್ರಮ ಮಾಡಿಕೊಂಡೆ. ಖಾಲಿ ಬಿದ್ದಿದ್ದ ಒಂದು ಸರ್ವರಿನ ಮೇಲೆ ಹೊಸ ಪ್ಯಾನೆಲ್ ಕೂರಿಸುವುದು. ಆಮೇಲೆ ನಾನು ಎದ್ದುಹೋಗಿ ಕಡ್ಡಿಯ ಪರದೆಯ ಹಿಂದಿರುವ ಗುಂಡಿ ಒತ್ತಿ ಅದನ್ನು ಆರಿಸುವುದು. ಕಂಪ್ಯೂಟರ್ ನಡೆಯುತ್ತಿರುತ್ತದೆ, ಪರದೆ ಮಾತ್ರ ಕಪ್ಪು. ಬರೀ ಕಿವಿಯಿಂದ ಅವಳು ಹೊಸ ಖಾತೆ ತೆರೆಯಬೇಕು, ಪಾಸ್‌ವರ್ಡ್ ಬದಲಿಸಬೇಕು, ಒಂದು ಸೈಟನ್ನು ನಿಲ್ಲಿಸಿ ಮತ್ತೆ ನಡೆಸಬೇಕು. ನಾನು ನನ್ನ ಪರದೆಯಲ್ಲಿ ನೋಡುತ್ತಿರುತ್ತೇನೆ.

“ಕಣ್ಣು ಮುಚ್ಕೊಂಡ್ರೆ ಸಾಲದಾ? ಪ್ರತಿ ಸಲ ಎದ್ದುಬಂದು ಆರಿಸ್ಬೇಕಾ?” ಅಂತ ಕಡ್ಡಿ ಕೇಳಿದಳು.

“ನೀನು ಕಳ್ಳಿ. ಸಂದಿಯಿಂದ ನೋಡ್ತೀಯ.”

“ನೋಡಿದ್ರೆ ನಿಮಗೇನು ನಷ್ಟ?” ಎಂದು ನಕ್ಕಳು. ಬೆಳಕು ಚುಚ್ಚುತ್ತದೆಂದು ಅವಳು ಕೋಣೆಯೊಳಗೂ ಕಪ್ಪು ಕನ್ನಡಕ ಹಾಕಿಕೊಳ್ಳುತ್ತಿದ್ದಳು, ನಗು ಬಾಯಲ್ಲಿ ಮಾತ್ರ ಕಾಣುತ್ತಿತ್ತು.

ಮೊದಲು ಬಂದದ್ದು ಎಲ್ಲರೂ ಬಳಸುವ, ಎಲ್ಲರೂ ಹೊಗಳುವ ಪ್ಯಾನೆಲ್. ನಾವು ಅದನ್ನು ದೊಡ್ಡಣ್ಣ ಎಂದು ಕರೆದೆವು. ದೊಡ್ಡಣ್ಣನಲ್ಲಿ ಇಲ್ಲದ್ದಿಲ್ಲ, ಅದೇ ಅವನ ರೋಗ. ಪುಟ ತೆರೆದ ಕೂಡಲೆ ಗಿಣಿ ಮೇಲಿಂದ ಓದತೊಡಗಿತು, ಓದಿತು, ಓದುತ್ತಲೇ ಇತ್ತು. ಪಾಸ್‌ವರ್ಡ್ ಬದಲಿಸುವ ಜಾಗ ಬರುವ ಹೊತ್ತಿಗೆ ನಡುವೆ ‘ಹೊಸ ಸೌಲಭ್ಯ ನೋಡಿದಿರಾ’ ಎಂಬ ಪೆಟ್ಟಿಗೆಯೊಂದು ಹಾರಿಬಂದು, ಗಿಣಿ ದಾರಿ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿತು. ಕಡ್ಡಿ ಕಿವಿಯಿಂದ ಇಯರ್‌ಫೋನ್ ಕಿತ್ತಿಟ್ಟಳು.

“ಇದು ಪ್ಯಾನೆಲ್ ಅಲ್ಲ ಅತ್ತಿಗೆ. ಮದುವೆ ಮನೇಲಿ ಯಾರ್ಯಾರು ಬಂದಿದ್ರು ಅಂತ ಒಬ್ಬ ಅಜ್ಜಿ ಹೇಳ್ತಾ ಕೂತಂಗಿದೆ.”

ಎರಡನೆಯದಕ್ಕೆ ನಾನು ಮನಸೋತೆ. ಹೆಸರು ಚೆಲುವೆ. ತಿಳಿ ಬಣ್ಣಗಳು, ದೊಡ್ಡ ದೊಡ್ಡ ಚಿತ್ರಗಳು, ಎಲ್ಲಿ ಏನಿದೆ ಎಂದು ಹುಡುಕುವಂತೆಯೇ ಇಲ್ಲ. ಬೀಗದ ಚಿತ್ರ ಒತ್ತಿದರೆ ಪಾಸ್‌ವರ್ಡ್, ಕಸದ ಬುಟ್ಟಿ ಒತ್ತಿದರೆ ಅಳಿಸುವುದು. ಇಷ್ಟು ವರ್ಷ ನಾನು ದುಡಿದದ್ದು ಇದಕ್ಕಾಗಿಯೇ ಅನಿಸಿತು. ಪರದೆ ಆರಿಸಿ ಕಡ್ಡಿಯನ್ನು ಕೂರಿಸಿದೆ. ಗಿಣಿ ಹೇಳಿತು: ಬಟನ್. ಬಟನ್. ಬಟನ್. ಬಟನ್.

ಚಿತ್ರ ಬರೆದವರು ಅದರಡಿಗೆ ಹೆಸರು ಬರೆಯುವುದನ್ನು ಮರೆತಿದ್ದರು. ಕಣ್ಣಿದ್ದವರಿಗೆ ಅದು ಬೀಗ, ಕಿವಿಗೆ ಬರೀ ಬಟನ್.

ನನ್ನ ಮುಖ ಅವಳಿಗೆ ಹೇಗೆ ಕಂಡಿತೋ, ಕಡ್ಡಿ ತಾನಾಗಿಯೇ ಅಂದಳು: “ಇರಲಿ ಬಿಡಿ, ನಿಮಗೆ ಇಷ್ಟ ಆಗಿದೆ. ಎಣಿಸಿಟ್ಕೋತೀನಿ. ಇಷ್ಟನೇದು ಪಾಸ್‌ವರ್ಡು, ಅದರ ಮುಂದಿನದು ನಿಲ್ಲಿಸೋದು. ಏನು ಮಹಾ.”

ನಾನು ಆ ಮಾತನ್ನು ಬಾಯಿಪಾಠ ಮಾಡಿಕೊಂಡೆ. ಅಷ್ಟೇ ಅಲ್ಲ, ಆತುರ ತಡೆಯದೆ ಈಜು ಕಲಿಸುವಾಕೆಯ ನಿಜವಾದ ಸೈಟನ್ನೇ ಚೆಲುವೆಗೆ ಸಾಗಿಸಿಯೂಬಿಟ್ಟೆ. ಎಣಿಸಿ ಕೆಲಸ ಮಾಡುವುದು ನೀರು ಕುಡಿದಷ್ಟು ಸುಲಭ ಎಂದು ಕಡ್ಡಿಗೆ ತೋರಿಸಿಕೊಡಬೇಕು ಅನಿಸಿ, ಮರುದಿನ ನಾನೇ ನನ್ನ ಕಂಪ್ಯೂಟರಿನಲ್ಲೂ ಗಿಣಿಯನ್ನು ಕೂರಿಸಿ, ಅದರ ವೇಗ ತಗ್ಗಿಸಿ ಕಿವಿಗೆ ಹಾಕಿಕೊಂಡು, ನನ್ನ ಪರದೆಯನ್ನು ಆರಿಸಿ, ಎಣಿಸಿ ಎಣಿಸಿ, ಪಾಸ್‌ವರ್ಡಿನದು ಎಂದುಕೊಂಡು ಒಂದು ಬಟನ್ ಒತ್ತಿದೆ. ಗಿಣಿ ‘ಸರಿ’ ಎಂದಿತು. ನಾನು ಎದೆಯುಬ್ಬಿಸಿದೆ. ಟೀ ಕುದಿಯುವಷ್ಟರಲ್ಲಿ ಈಜು ಕಲಿಸುವಾಕೆಯ ಫೋನು.

“ನನ್ನ ಪುಟ ಎಲ್ಲಿ ಹೋಯ್ತು? ತಾಯಂದಿರೆಲ್ಲ ಫೋನ್ ಮಾಡ್ತಿದ್ದಾರೆ, ಕ್ಲಾಸ್ ಮುಚ್ಚಿಬಿಟ್ರಾ ಅಂತ.”

ಪರದೆ ಹಾಕಿ ನೋಡಿದರೆ, ಬೆಳಗ್ಗೆ ಚೆಲುವೆ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿ, ಸಾಲಿನ ಮೊದಲಿಗೆ ಒಂದು ಹೊಸ ಬಟನ್ ಸೇರಿಸಿಕೊಂಡು ಕೂತಿದ್ದಳು. ನನ್ನ ಎಣಿಕೆ ಒಂದು ಮನೆ ಜರುಗಿತ್ತು. ನಾನು ಒತ್ತಿದ್ದು ಕಸದ ಬುಟ್ಟಿ. ಕಡ್ಡಿ ಬ್ಯಾಕಪ್‌ನಿಂದ ಸೈಟನ್ನು ಹಳೆಯ ಪ್ಯಾನೆಲ್ಲಿನಲ್ಲೇ ಮತ್ತೆ ಎತ್ತಿ ನಿಲ್ಲಿಸಿದಳು, ನಿಲ್ಲಿಸುವಾಗ ಬಾಯಿಗೆ ಬಂದ ನಗುವನ್ನು ಕಚ್ಚಿ ಹಿಡಿದಿದ್ದಳು. ನಾನು ಈಜು ಕಲಿಸುವಾಕೆಗೆ ಏನೇನೋ ಹೇಳಿ ಸಮಾಧಾನ ಮಾಡಿದೆ.

“ಎಣಿಸಿ ಎಣಿಸಿ ಬದುಕೋಕಾಗಲ್ಲ ಅತ್ತಿಗೆ,” ಎಂದಳು ಕೊನೆಗೆ. “ಅವರು ನಾಳೆ ಇನ್ನೊಂದು ಸೇರಿಸ್ತಾರೆ.”

ವಿಷಯ ಇಲ್ಲಿಗೇ ನಿಂತಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಈಜು ಕಲಿಸುವಾಕೆಯ ಗಂಡ ನಮ್ಮವರ ಹತ್ತಿರ ಡ್ರೈವಿಂಗ್ ಕಲಿಯುತ್ತಿದ್ದ. ಸಂಜೆ ಮನೆಗೆ ಬಂದ ನಮ್ಮವರು ಬೂಟು ಕಳಚುವ ಮೊದಲೇ ಶುರುಮಾಡಿದರು.

“ನಾನು ಹೇಳಿರಲಿಲ್ವಾ? ಇವತ್ತು ಒಂದು ಸೈಟು ಹೋಯ್ತು. ನಾಳೆ ಎಲ್ಲಾ ಹೋದ್ರೆ?”

“ರೀ, ಅದು ನಾನು ಮಾಡಿದ್ದು,” ಎಂದೆ.

“ನೀನ್ಯಾಕೆ ಮಾಡ್ತೀಯ? ನಿನಗೆ ಕಣ್ಣು ನೆಟ್ಟಗಿದೆಯಲ್ಲ.”

“ನಾನು ಸ್ಕ್ರೀನ್ ಆರಿಸಿಕೊಂಡು ಒತ್ತಿದೆ.”

ಕಣ್ಣು ಕಾಣುವ ಹೆಂಗಸು ಪರದೆ ಆರಿಸಿಕೊಂಡು ಗಿರಾಕಿಯ ಸೈಟು ಅಳಿಸಿದಳು ಎಂದರೆ ಯಾರು ತಾನೇ ನಂಬುತ್ತಾರೆ? ನನಗೇ ನಂಬಿಕೆ ಬರುತ್ತಿರಲಿಲ್ಲ.

“ಅವಳನ್ನ ಕಾಪಾಡೋಕೆ ಸುಳ್ಳು ಹೇಳ್ತಿದ್ದೀಯ,” ಎಂದರು, ಮೆತ್ತಗೆ. ಆಮೇಲೆ ತಂಗಿಯ ಕಡೆ ತಿರುಗಿದರು. “ಕಡ್ಡಿ, ನಿಜ ಹೇಳು. ಈಗ ಎಷ್ಟು ಕಾಣುತ್ತೆ?”

“ಡಾಕ್ಟರ್ ಹೇಳಿದಷ್ಟು.”

“ಸ್ಕ್ರೀನ್?”

“ಕಾಣುತ್ತೆ ಅಣ್ಣ.” ಅವಳು ಕಡ್ಡಿ ಮುರಿದ ಹಾಗೆ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ನಮ್ಮವರ ಜೊತೆ ಜಗಳಕ್ಕೆ ನಿಂತೆ. ಎರಡು ಮಾತು ಅವರದು, ಹತ್ತು ನನ್ನದು. ಅವರು ಕೆಟ್ಟವರಲ್ಲ, ಹೆದರುಪುಕ್ಕಲು. ತಂಗಿ ಎಡವಿದರೆ ಮೊದಲು ಇವರ ಮೊಣಕಾಲಿಗೆ ಪೆಟ್ಟು. ಅದು ನನಗೆ ಗೊತ್ತು, ಗೊತ್ತಿದ್ದೂ ಸಿಟ್ಟು ಇಳಿಯಲಿಲ್ಲ. ನನ್ನ ತಪ್ಪಿಗೆ ಅವಳ ತಲೆದಂಡ ಕೇಳುತ್ತಿದ್ದರಲ್ಲ.

ಮೂರನೆಯ ಪ್ಯಾನೆಲ್ ಹುಡುಕಿ ತಂದದ್ದು ಕಡ್ಡಿಯೇ. ದೂರದ ದೇಶದ ಯಾವನೋ ಒಬ್ಬ ಮಹಾನುಭಾವ ಒಬ್ಬನೇ ಕೂತು ಬರೆದದ್ದು, ಒಬ್ಬನೇ ಸಾಕುತ್ತಿರುವುದು. ನಾವು ಅದಕ್ಕೆ ಒಂಟಿ ಸಲಗ ಎಂದು ಹೆಸರಿಟ್ಟೆವು. ನೋಡಲು ದರಿದ್ರ. ಆಸ್ಪತ್ರೆಯ ಗೋಡೆಯ ನೀಲಿ, ಅದರ ಮೇಲೆ ಬೂದು ಪೆಟ್ಟಿಗೆಗಳು, ಒಂದು ಚಿತ್ರವೂ ಇಲ್ಲ. ಆದರೆ ಒಂದೊಂದು ಬಟನ್ನಿಗೂ ಹೆಸರಿತ್ತು. ಪರದೆ ಆರಿಸಿದ ಮೇಲೆ ಕಡ್ಡಿಯ ಬೆರಳುಗಳು ಓಡಿದ್ದನ್ನು ಕಂಡು ನನಗೆ ಮೈ ಜುಮ್ಮೆಂದಿತು. ಖಾತೆ ತೆರೆದಳು, ನಿಲ್ಲಿಸಿದಳು, ನಡೆಸಿದಳು. ಒಂದೇ ಒಂದು ಕಡೆ, ‘ನಿಜವಾಗಿಯೂ ಅಳಿಸಲೇ’ ಎಂದು ಕೇಳುವ ಪೆಟ್ಟಿಗೆ ಬಂದಾಗ ಗಿಣಿ ಬಾಯಿ ಬಿಡಲಿಲ್ಲ. ಕಡ್ಡಿ ಆ ಮನುಷ್ಯನಿಗೆ ಬರೆದಳು. ಸಂಜೆಯೊಳಗೆ ಉತ್ತರ ಬಂತು, ‘ಸರಿ ಮಾಡಿದ್ದೇನೆ’ ಎಂದು. ನಮಸ್ಕಾರವಿಲ್ಲ, ಸಹಿಯಿಲ್ಲ. ನೋಡಿದರೆ ನಿಜವಾಗಿಯೂ ಸರಿಯಾಗಿತ್ತು.

ಇಷ್ಟಾದರೂ ನನ್ನ ಮನಸ್ಸು ಒಪ್ಪಲಿಲ್ಲ.

“ಒಬ್ಬನೇ ಮನುಷ್ಯ ಕಣೇ. ಅವನಿಗೆ ಜ್ವರ ಬಂದ್ರೆ ನಮ್ಮ ಸರ್ವರಿಗೂ ಜ್ವರ. ನಾಳೆ ಅವನು ಬೇಜಾರಾಗಿ ಮೀನು ಹಿಡಿಯೋಕೆ ಹೊರಟುಹೋದ್ರೆ?”

“ಇಷ್ಟು ವರ್ಷ ನಮ್ಮ ಗಿರಾಕಿಗಳು ನನ್ನೊಬ್ಬಳನ್ನ ನಂಬಿಕೊಂಡು ಕೂತಿರ್ಲಿಲ್ವಾ?”

“ಅದು ಬೇರೆ.”

“ಏನು ಬೇರೆ?”

“ಇನ್ನೊಂದು ನೋಡೋಣ,” ಎಂದೆ. ಒಂಟಿ ಸಲಗನನ್ನು ಬಳಸುವವರು ಎಲ್ಲೆಲ್ಲಿ ಏನೇನು ಬರೆದಿದ್ದಾರೆಂದು ಹುಡುಕಿ ಓದಿದೆ. ಒಬ್ಬ ಹೊಗಳಿದರೆ ಇನ್ನೊಬ್ಬ ತೆಗಳಿದ್ದ. ತೆಗಳಿದವನ ಮಾತೇ ದಿನವಿಡೀ ತಲೆ ಕೊರೆಯಿತು. ಕೂರಲಾಗದೆ ಕೆಳಗಿಳಿದೆ, ಹಾಲು ತಂದೆ, ಮೇಲೆ ಹತ್ತಿದೆ, ಹಾಲು ಇತ್ತೆಂದು ನೆನಪಾಗಿ ಸುಮ್ಮನೆ ಮತ್ತೆ ಇಳಿದೆ. ಬೀಗದವನು ಕೀಲಿ ಅರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

“ಏನಮ್ಮ, ಮೆಟ್ಟಿಲು ಸವೆಸೋ ಗುತ್ತಿಗೆ ತಗೊಂಡಿದ್ದೀರಾ?”

“ನೀವು ಆ ಯಂತ್ರ ನಿಲ್ಲಿಸಿದ್ರೆ ನಾನು ಮೇಲೆ ಕೂತಿರ್ತೀನಿ,” ಎಂದೆ. ಅವನದೇನೂ ತಪ್ಪಿರಲಿಲ್ಲ.

ತಿಂಗಳು ಮುಗಿಯುತ್ತ ಬಂದಿತ್ತು. ಹಳೆಯ ಪ್ಯಾನೆಲ್ಲಿನ ನೆತ್ತಿಯ ಮೇಲೆ ಕೆಂಪು ಪಟ್ಟಿಯೊಂದು ಬಂದು ಕೂತಿತ್ತು. ತೆರೆದಾಗಲೆಲ್ಲ ಅದು ಉಳಿದ ದಿನಗಳನ್ನು ಎಣಿಸಿ ತೋರಿಸಿ ಹಂಗಿಸುತ್ತಿತ್ತು. ಕೊನೆಗೆ ಕಡ್ಡಿ ತಾಳ್ಮೆ ಕಳೆದುಕೊಂಡಳು.

“ಇನ್ನೊಂದು ಬೇಡ ಅತ್ತಿಗೆ. ನೀವು ಹೀಗೇ ನೋಡ್ತಾ ಇದ್ರೆ ಹಳೇದೂ ಹೋಗುತ್ತೆ, ಹೊಸದೂ ಬರಲ್ಲ. ನಾಳೆ ಬೆಳಗ್ಗೆ ನಾಲ್ಕಾರು ಜನರನ್ನ ಇದಕ್ಕೆ ಸಾಗಿಸ್ತೀನಿ. ಕೆಟ್ಟರೆ ವಾಪಸ್ ತರೋದು ನನ್ನ ತಲೆನೋವು. ಸರಿಹೋದ್ರೆ ಇದೇ.”

“ಈಜಿನಾಕೆಯನ್ನ ಮುಟ್ಟಬೇಡ,” ಎಂದೆ.

“ಅವರನ್ನ ಎಲ್ಲರಿಗಿಂತ ಕೊನೆಗೆ ಸಾಗಿಸ್ತೀನಿ ಬಿಡಿ.”

ಆ ಸಂಜೆ ಕೊನೆಯದೊಂದು ಪರೀಕ್ಷೆ ಮಾಡಿದೆವು. ನಾನು ಹೋಗಿ ಪರದೆ ಆರಿಸಿದೆ, ಅವಳು ಬ್ಯಾಕಪ್‌ನಿಂದ ಒಂದು ಸೈಟನ್ನು ಮೇಲೆತ್ತುವುದನ್ನು ಮಾಡಿ ತೋರಿಸಿದಳು. ಮುಗಿಯುವ ಹೊತ್ತಿಗೆ ಕೆಳಗೆ ನಮ್ಮವರ ಡ್ರೈವಿಂಗ್ ಶಾಲೆಯ ಕಾರಿನ ಹಾರ್ನು. ಅವರು ಹಾರ್ನು ಹೊಡೆಯಲು ಶುರುಮಾಡಿದರೆ ಬೀದಿಗೆ ಬೀದಿಯೇ ಕಿಟಕಿಗೆ ಬರುತ್ತದೆ. ಚೀಲ ಎತ್ತಿಕೊಂಡು, ದೀಪ ಆರಿಸಿ, ಕಡ್ಡಿಯ ತೋಳು ಹಿಡಿದು ಇಳಿದೆ. ಮೆಟ್ಟಿಲಿಳಿಯುವಾಗ ಅವಳು ನನ್ನ ಕೈಯನ್ನು ಮೊದಲಿಗಿಂತ ಬಿಗಿಯಾಗಿ ಹಿಡಿದಿದ್ದಳು. ಅದನ್ನು ನಾನು ಗಮನಿಸಿದೆ, ಆದರೆ ನನ್ನ ತಲೆಯ ತುಂಬ ಒಂಟಿ ಸಲಗನೇ ಇದ್ದ.

ಮರುದಿನ ಬೆಳಗ್ಗೆ ನನಗೆ ಬ್ಯಾಂಕಿನಲ್ಲಿ ಕೆಲಸವಿತ್ತು. ನಾನು ಆಫೀಸಿಗೆ ಬರುವಷ್ಟರಲ್ಲಿ ನಮ್ಮವರು ಕಡ್ಡಿಯನ್ನು ಬಿಟ್ಟುಹೋಗಿ ಬಹಳ ಹೊತ್ತಾಗಿತ್ತು. ಅವಳು ತನ್ನ ಜಾಗದಲ್ಲಿ, ಎಂದಿನಂತೆ ಮುಂದಕ್ಕೆ ಬಾಗಿ, ಮೂಗು ಪರದೆಗೆ ತಾಗುವಷ್ಟು ಹತ್ತಿರ ಕೂತು ಕೆಲಸ ಮಾಡುತ್ತಿದ್ದಳು. ನಾನು ಎದುರು ಕೂತು ನನ್ನ ಪರದೆಯಲ್ಲಿ ಒಂಟಿ ಸಲಗನನ್ನು ತೆರೆದೆ. ನಾಯಿ ಕ್ಷೌರದವನ ಸೈಟು ಆಗಲೇ ಬಂದು ಕೂತಿತ್ತು. ನಾನು ನೋಡುತ್ತಿದ್ದಂತೆ ದಂತವೈದ್ಯೆ ಬಂದಳು. ಮೆಟ್ಟಿಲಿನ ಬಡಗಿ ಅರ್ಧ ಬಂದು ನಿಂತಿದ್ದ.

ನಾನು ತಪ್ಪು ಹುಡುಕತೊಡಗಿದೆ. ದಂತವೈದ್ಯೆಯ ಸೈಟು ತೆರೆದು ಒಂದೊಂದೇ ಪುಟ ನೋಡಿದೆ. ಹಲ್ಲುಗಳು ಅಲ್ಲಲ್ಲೇ ಇದ್ದವು. ನಾಯಿ ಕ್ಷೌರದವ‌ನಿಗೆ ನಾನೇ ಒಂದು ಮೇಲ್ ಕಳಿಸಿದೆ, ‘ಬಂತಾ’ ಎಂದು. ‘ಬಂತು, ಏನಾಯ್ತು’ ಎಂದು ಉತ್ತರ ಬಂತು. ಏನೂ ಆಗಿರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಎದ್ದು ಕಿಟಕಿ ತೆರೆದೆ, ಕೀಲಿಯ ಯಂತ್ರದ ಸದ್ದು ಬಂತೆಂದು ಮುಚ್ಚಿದೆ.

“ಏನೇ, ಹೇಗಿದೆ?” ಎಂದೆ, ಅಲ್ಲಿಂದಲೇ.

“ಕೆಲಸ ಬೆಣ್ಣೆ ಅತ್ತಿಗೆ. ಬಣ್ಣ ಮಾತ್ರ ಆಗಲ್ಲ. ಈ ನೀಲಿ ಬೆಳಗ್ಗೆಯಿಂದ ಕಣ್ಣಿಗೆ ಹೊಡೀತಿದೆ. ಬದಲಾಯಿಸೋಕೆ ಬರುತ್ತಾ ಸ್ವಲ್ಪ ನೋಡಿ.”

ನಾನು ಹೇಗೂ ಎದ್ದೇ ಇದ್ದೆ. ಅವಳ ಕಡೆಗೆ ಹೋಗಿ, ಕುರ್ಚಿಯ ಹಿಂದೆ ನಿಂತು, ಆ ನೀಲಿಯನ್ನು ನೋಡಲು ಬಾಗಿದೆ.

ಪರದೆ ಆರಿತ್ತು.

ಹಿಂದಿನ ಸಂಜೆ ಹಾರ್ನಿನ ಗಡಿಬಿಡಿಯಲ್ಲಿ ನಾನದನ್ನು ಮತ್ತೆ ಹಾಕಿರಲಿಲ್ಲ. ಬೆಳಗ್ಗೆ ಬಂದು ಕಡ್ಡಿ ಕೀಲಿಮಣೆ ಮುಟ್ಟಿದ್ದಾಳೆ, ಗಿಣಿ ಮಾತಾಡಿದೆ, ಇವಳು ಕೆಲಸ ಶುರುಮಾಡಿದ್ದಾಳೆ. ಕಪ್ಪು ಗಾಜಿನೆದುರು ಮೂಗು ಚಾಚಿ, ನಾನು ನೋಡುತ್ತಿದ್ದರೆ ಓದುತ್ತಿದ್ದಾಳೆ ಅಂದುಕೊಳ್ಳಲಿ ಎಂದು, ತಲೆಯನ್ನು ಎಡದಿಂದ ಬಲಕ್ಕೆ ಸಣ್ಣಗೆ ಆಡಿಸುತ್ತಿದ್ದಾಳೆ.

ನಾನು ಕುರ್ಚಿಯ ಬೆನ್ನು ಹಿಡಿದು ಇನ್ನಷ್ಟು ಬಾಗಿದೆ.

“ಏನತ್ತಿಗೆ? ಬರಲ್ವಾ ಬದಲಾಯಿಸೋಕೆ?”

“ಸ್ಕ್ರೀನ್ ಆಫ್ ಇದೆ ಕಣೇ,” ಎಂದೆ.

ಅವಳ ಬೆರಳುಗಳು ನಿಂತವು. ಅವಳ ಕಿವಿಯಲ್ಲಿ ಗಿಣಿ ಬಡಗಿಯ ವಿಳಾಸ ಓದುತ್ತಲೇ ಇದ್ದುದು ನನಗೂ ಸಣ್ಣಗೆ ಕೇಳಿಸುತ್ತಿತ್ತು. ಅವಳು ಕೈಯೆತ್ತಿ ಪರದೆಯನ್ನು ಮುಟ್ಟಿದಳು, ಬಿಸಿಯಿದೆಯೋ ಎಂದು ನೋಡುವ ಹಾಗೆ. ತಣ್ಣಗಿದ್ದಿರಬೇಕು.

“ಯಾವಾಗಿಂದ?”

“ನಿನ್ನೆ ಸಾಯಂಕಾಲದಿಂದ. ನಾನೇ ಮರೆತೆ.” ಆಮೇಲೆ ಕೇಳಿದೆ: “ನಿನಗೆ ಯಾವಾಗಿಂದ?”

ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಇಷ್ಟು ದಿನದಲ್ಲಿ ಅವಳು ಹಾಗೆ ಒರಗಿ ಕೂತದ್ದನ್ನು ನಾನು ನೋಡಿರಲಿಲ್ಲ.

“ದೊಡ್ಡಣ್ಣ ಬಂದಾಗ ದೊಡ್ಡಕ್ಷರ ಕಾಣ್ತಿತ್ತು. ಚೆಲುವೆ ಹೊತ್ತಿಗೆ ಬರೀ ಬಣ್ಣ. ಈಗ ಬೆಳಕು ಇದೆ, ಅದು ಕಿಟಕೀದೋ ಸ್ಕ್ರೀನಿಂದೋ ಗೊತ್ತಾಗಲ್ಲ. ಸಲಗ ನೀಲಿ ಅಂತ ನೀವೇ ಬೈತಿದ್ರಲ್ಲ, ಅದಕ್ಕೆ ನೀಲಿ ಅಂದೆ.”

“ಡಾಕ್ಟರ್ ಕೆಲವು ವರ್ಷ ಅಂದಿದ್ರು.”

“ಅಂದಿದ್ರು.”

“ನನಗಾದ್ರೂ ಹೇಳಬಾರದಿತ್ತಾ?”

“ನಿಮಗೆ ಹೇಳಿದ್ರೆ ನಿಮ್ಮ ಮುಖ ನೋಡಿಯೇ ಅಣ್ಣಂಗೆ ತಿಳಿದುಹೋಗೋದು. ಅವನು ಬ್ರೇಕ್ ಒತ್ತಿಬಿಡ್ತಿದ್ದ. ಪ್ಯಾನೆಲ್ ಸಿಗೋ ಮೊದಲೇ.”

ನನಗೆ ಅಳು ಬಂತು. ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಪ್ರತಿ ಸಲ ಎದ್ದುಬಂದು, ಕಳ್ಳಿ ಎಂದು ಬೈದು, ಏನೂ ಕಾಣದವಳ ಪರದೆ ಆರಿಸಿ ನಾನು ಪರೀಕ್ಷೆ ಮಾಡುತ್ತಿದ್ದೆ. ಅವಳು ನಗುತ್ತ ಕೂತಿದ್ದಳು. ಪಕ್ಕದ ಸ್ಟೂಲಿನ ಮೇಲೆ ಕುಸಿದು ಅವಳ ಮಣಿಕಟ್ಟು ಹಿಡಿದುಕೊಂಡೆ. ಸ್ವಲ್ಪ ಹೊತ್ತು ಹಿಡಿಯಲು ಬಿಟ್ಟಳು, ಆಮೇಲೆ ಬಿಡಿಸಿಕೊಂಡಳು.

“ಅತ್ತಿಗೆ, ಆಮೇಲೆ ಅಳಿ. ನಿಮ್ಮ ಕಡೆ ಹೋಗಿ ನೋಡಿ. ಬೆಳಗ್ಗೆಯಿಂದ ಮಾಡಿದ್ದೆಲ್ಲ ಸರಿಯಾಗಿದೆಯಾ? ಒಂದೊಂದೂ ನೋಡಿ, ನನ್ನ ಮುಲಾಜಿಗೆ ಹೇಳಬೇಡಿ. ಅಣ್ಣಂಗೆ ಸಂಜೆ ನಾನೇ ಹೇಳ್ತೀನಿ, ಅವನು ಇದನ್ನೇ ಕೇಳ್ತಾನೆ.”

ನಾನು ಮುಖ ಒರೆಸಿಕೊಂಡು ನನ್ನ ಮೇಜಿಗೆ ಬಂದೆ. ನಾಯಿ ಕ್ಷೌರದವನನ್ನು ತೆರೆದೆ, ದಂತವೈದ್ಯೆಯನ್ನು ತೆರೆದೆ, ಅವರ ಮೇಲ್‌ಗಳು, ಅವರ ಬ್ಯಾಕಪ್‌ಗಳು, ಎಲ್ಲವನ್ನೂ. ಬಡಗಿಯೂ ಅಷ್ಟರಲ್ಲಿ ಪೂರ್ತಿ ಬಂದಿದ್ದ. ನಾನು ನಿಜವಾಗಿಯೂ ತಪ್ಪು ಹುಡುಕಿದೆ, ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ಯಾವುದನ್ನೂ ಹುಡುಕಿಲ್ಲ. ಕಡ್ಡಿ ಎದುರಿಗೆ ಕೂತು, ನನ್ನ ಮೌಸಿನ ಸದ್ದಿಗೆ ಕಿವಿಗೊಟ್ಟು ಕಾಯುತ್ತಿದ್ದಳು.

“ಎಲ್ಲಾ ಸರಿಯಾಗಿದೆ,” ಎಂದೆ.

“ಒಂದೂ ತಪ್ಪಿಲ್ವಾ?”

“ಇಲ್ಲ.”

“ಹಾಗಾದ್ರೆ ಆಯ್ತಲ್ಲ ಅತ್ತಿಗೆ,” ಎಂದಳು ಕಡ್ಡಿ. “ಇದನ್ನೇ ಇಟ್ಕೊಳ್ಳೋಣ.”